ಕಾಟಾಬಾಯಿಯ ನಲವತ್ತು ಸಾಮಾನು

ಕಾಟಾಬಾಯಿ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಬ್ಬರ ಬಗ್ಗೆ ಹೀಗೆ ಬರೆಯಲು ಕೂತರೆ ಅವರು ತೀರಿಹೋದರೇನೋ ಎಂದು ಜನ ತಿಳಿಯುತ್ತಾರೆ. ಆಕೆ ಬದುಕಿದ್ದಾಳೆ. ಬಿಳಿ ಸೀರೆ ಉಟ್ಟು, ಬರಿಗಾಲಲ್ಲಿ, ಜೈನ ಮಾತಾಜಿಗಳ ಸಂಘದ ಜೊತೆ ಯಾವುದೋ ರಸ್ತೆಯಲ್ಲಿ ನಡೆಯುತ್ತಿದ್ದಾಳೆ. ಯಾವ ರಸ್ತೆ ಎಂದು ನನಗೆ ಗೊತ್ತಿಲ್ಲ. ಹೆಸರನ್ನೂ ಬಿಟ್ಟುಹೋದಳು, ದೀಕ್ಷೆಯಾದ ಮೇಲೆ ಬೇರೆ ಹೆಸರು ಕೊಟ್ಟಿದ್ದಾರಂತೆ. ಆಕೆ ಬಿಟ್ಟದ್ದನ್ನು ನಾನು ಎತ್ತಿ ಇಲ್ಲಿ ಬರೆಯುವುದಿಲ್ಲ. ಓಣಿಯವರು ಕರೆಯುತ್ತಿದ್ದ ಹಾಗೆ ಕಾಟಾಬಾಯಿ ಎನ್ನುತ್ತೇನೆ.

ಕಾಟಾ ಎಂದರೆ ನಮ್ಮ ಕಡೆ ಕಬ್ಬಿನ ಗಾಡಿ ತೂಗುವ ಜಾಗ. ಉಗಾರ ಖುರ್ದದಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಿಲ್ಲ. ತುಂಬಿದ ಗಾಡಿಯನ್ನು ಒಮ್ಮೆ ತೂಗುತ್ತಾರೆ, ಕಬ್ಬು ಇಳಿಸಿ ಬಂದ ಖಾಲಿ ಗಾಡಿಯನ್ನು ಇನ್ನೊಮ್ಮೆ ತೂಗುತ್ತಾರೆ. ತುಂಬಿದ್ದರಲ್ಲಿ ಖಾಲಿ ಕಳೆದರೆ ಉಳಿದದ್ದು ಕಬ್ಬು. ಆಕೆ ಮೂವತ್ತೊಂದು ವರ್ಷ ಅಲ್ಲಿಯ ಕಿಡಕಿಯ ಹಿಂದೆ ಕೂತು ಚೀಟಿ ಕೊಟ್ಟಳು. ಕಿಡಕಿ ಎಂದರೆ ಒಂದು ಗೇಣಿನ ತೂತು. ಡ್ರೈವರನ ಕೈ ಒಳಗೆ ಬರುತ್ತಿತ್ತು, ಚೀಟಿ ಹಿಡಿದು ಹೊರಗೆ ಹೋಗುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಬಜಾರಿನಲ್ಲಿ ಯಾರಾದರೂ ನಮಸ್ಕಾರ ಎಂದರೆ ಆಕೆ ಮುಖ ನೋಡದೆ ಕೈ ನೋಡುತ್ತಿದ್ದಳು. ನೋಡಿ, ಇವನು ಬೇಡಕಿಹಾಳದವನು, ಟ್ರ್ಯಾಕ್ಟರಿನವನು ಎಂದು ನನಗೆ ಹೇಳುತ್ತಿದ್ದಳು. ತಪ್ಪಿದ್ದನ್ನು ನಾನು ಕಾಣೆ. ಜನರಿಗೆ ಮಾತ್ರ ಇವಳಿಗೆ ಸೊಕ್ಕು ಎನಿಸುತ್ತಿತ್ತು.

ಆಕೆ ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಅಣ್ಣನ ಮನೆಯ ಮುಂದಿನ ಕೋಣೆಗೆ ಬೇರೆ ಬಾಗಿಲು ಇಡಿಸಿಕೊಂಡು ಇದ್ದಳು. ಆ ಕೋಣೆಯ ಗೋಡೆಗೆ ಹತ್ತಿ ನನ್ನ ಮನೆ. ನನ್ನ ಮನೆಯಲ್ಲಿ ಎರಡು ಎಮ್ಮೆ, ನಾನು. ಗಂಡ ಹೋಗಿ ಇಪ್ಪತ್ತು ವರ್ಷ, ಮಕ್ಕಳಾಗಲಿಲ್ಲ. ಅವರ ಮನೆಗೆ ಹಾಲು ಹಾಕುತ್ತೇನೆ. ಹೊತ್ತು ಮುಳುಗುವ ಮುಂಚೆ ಆಕೆ ಊಟ ಮುಗಿಸಿ, ತಾಟು ತೊಳೆದಿಟ್ಟು, ನನ್ನ ಕಟ್ಟೆಗೆ ಬಂದು ಕೂರುತ್ತಿದ್ದಳು. ನಾನು ಹಾಲು ಹಿಂಡುತ್ತಿದ್ದೆ. ಇಬ್ಬರೂ ಬಹಳ ಮಾತಿನವರಲ್ಲ. ನಾವು ಗೆಳತಿಯರು ಎಂದು ಯಾರೂ ಅನ್ನಲಿಲ್ಲ. ನಾವೂ ಅಂದುಕೊಳ್ಳಲಿಲ್ಲ.

ಆಕೆಗೆ ಒಂದು ನೇಮವಿತ್ತು. ಜೈನರಲ್ಲಿ ಇದು ಉಂಟು. ನನ್ನದೆಂದು ಇಷ್ಟೇ ಸಾಮಾನು ಇರಬೇಕು, ಇದಕ್ಕಿಂತ ಒಂದೂ ಹೆಚ್ಚಾಗಕೂಡದು ಎಂದು ಮುನಿ ಮಹಾರಾಜರ ಮುಂದೆ ಕೈಮುಗಿದು ಗೆರೆ ಹಾಕಿಕೊಳ್ಳುತ್ತಾರೆ. ಕಾಟಾಬಾಯಿ ನಿವೃತ್ತಿಯಾದ ವಾರ ನಲವತ್ತಕ್ಕೆ ಗೆರೆ ಹಾಕಿಕೊಂಡಳು. ಸೀರೆಯೊಂದು ಒಂದು, ತಾಟು ಒಂದು, ಮಂಚ ಒಂದು. ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಪಟ್ಟಿ ಬರೆದಿದ್ದಳು. ಹೊಸದೊಂದು ಒಳಗೆ ಬಂದರೆ ಆ ದಿನವೇ ಹಳೆಯದೊಂದು ಹೊರಗೆ ಹೋಗಬೇಕು. ಹೊರಗೆ ಹೋದದ್ದು ಬಹಳ ದೂರವೇನೂ ಹೋಗುತ್ತಿರಲಿಲ್ಲ. ಗೋಡೆಯಾಚೆ ನನ್ನ ಮನೆಗೆ ಬರುತ್ತಿತ್ತು.

ಯುಗಾದಿಯಾದ ಮೇಲೆ ಒಂದು ಸಂಜೆ ತನ್ನ ಕೊಡೆಯನ್ನು ತಂದು ನನ್ನ ಗೂಟಕ್ಕೆ ಸಿಗಿಸಿದಳು. ಮಳೆಗಾಲ ಬರುವಾಗ ಕೊಡೆ ಕೊಡುತ್ತಾರೇನು ಎಂದೆ. ಅದರ ಜಾಗಕ್ಕೆ ಒಂದು ಕಬ್ಬಿಣದ ಡಬ್ಬಿ ಬಂದಿದೆ, ಕಂಪ್ಯೂಟರ್ ಕೂಡಿಸುತ್ತೇನೆ, ಆಟದ ಕಂಪ್ಯೂಟರ್ ಎಂದಳು. ಅರವತ್ತು ದಾಟಿದ ಹೆಂಗಸು. ನಾನು ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆದು ಆಕೆಯ ಮುಖ ನೋಡಿದೆ.

ಕಬ್ಬಿನ ಹಂಗಾಮು ಮುಗಿದ ಮೇಲೆ ಕಾರ್ಖಾನೆಯ ಆಫೀಸಿನಲ್ಲಿ ಯಾರೋ ಒಬ್ಬ ಲಾರಿ ಓಡಿಸುವ ಆಟ ಆಡುತ್ತಿದ್ದನಂತೆ. ಒಂದು ಊರಲ್ಲಿ ಮಾಲು ತುಂಬಿ ಇನ್ನೊಂದು ಊರಲ್ಲಿ ಇಳಿಸುವುದು. ಈಕೆ ಅವನ ಹಿಂದೆ ನಿಂತು ನೋಡಿದ್ದಳು. ಅಷ್ಟೇ.

"ಮೂವತ್ತೊಂದ ವರ್ಷ ಗಾಡಿ ಬಂದ್ವು, ಗಾಡಿ ಹೋದ್ವು" ಎಂದಳು. "ಒಂದರಾಗೂ ನಾ ಹತ್ತಿ ಕುಂತಿಲ್ಲ, ಅಕ್ಕಾ. ಒಂದ ಲೋಡ್ ಈ ತುದಿಯಿಂದ ಆ ತುದಿಗೆ ನಾನ ಒಯ್ದು ಮುಟ್ಟಸಬೇಕು."

"ಯಾವನರ ಡ್ರೈವರ್ ಮನಸಿನ್ಯಾಗ ಇದ್ದನೇನ್ರಿ, ಬಾಯಿ?"

"ಮಾರೀನ ನೋಡಿಲ್ಲ. ಮನಸಿನ್ಯಾಗ ಏನ ಇಟಗೊಳ್ಳಲಿ?"

ನಾನು ಮತ್ತೆ ಹಾಲು ಹಿಂಡತೊಡಗಿದೆ.

ಇಡಿಯ ಮಷಿನ್ ಕೊಳ್ಳುವಷ್ಟು ರೊಕ್ಕ ಆಕೆಯ ಹತ್ತಿರ ಇರಲಿಲ್ಲ. ನಿವೃತ್ತಿಯ ರೊಕ್ಕ ಅಣ್ಣನ ಮನೆಯ ಮಾಳಿಗೆಗೆ, ಬಸದಿಗೆ ಹೋಗಿ ಸ್ವಲ್ಪ ಉಳಿದಿತ್ತು. ಅದಕ್ಕೆ ಬಿಡಿಬಿಡಿಯಾಗಿ, ಕೆಲವು ಹೊಸದು, ಕೆಲವು ಯಾರೋ ಬಳಸಿ ಬಿಟ್ಟದ್ದು. ಹೆಂಗಸರಿಗೆ ಬಸ್ಸು ಪುಕ್ಕಟೆ, ಹಾಗಾಗಿ ಅಥಣಿ, ಚಿಕ್ಕೋಡಿ, ನಿಪ್ಪಾಣಿ ಎಲ್ಲ ಸುತ್ತಿದೆವು. ನಾನು ಯಾಕೆ ಹೋಗುತ್ತಿದ್ದೆನೆಂದರೆ, ಆಕೆ ಕರೆಯುತ್ತಿದ್ದಳು. ಬೇರೆ ಯಾರೂ ನನ್ನನ್ನು ಎಲ್ಲಿಗೂ ಕರೆಯುತ್ತಿರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬಸ್ಸಿನ ಬೋರ್ಡು ಓದುವುದು ನನ್ನ ಕೆಲಸ, ಅಂಗಡಿಯಲ್ಲಿ ಮಾತಾಡುವುದು ಆಕೆಯ ಕೆಲಸ.

ಅಥಣಿಯ ಅಂಗಡಿಯಲ್ಲಿ ಗಾಜಿನ ಡಬ್ಬಿಯೊಳಗೆ ಕೆಂಪು, ನೀಲಿ, ಹಸಿರು ದೀಪ ತಿರುಗುತ್ತಿದ್ದವು. ಮದುವೆಯ ಪೆಂಡಾಲಿನ ಹಾಗೆ. ಅಂಗಡಿಯವನು ಆಟದ ಮಷಿನ್ ಅಂದರೆ ಇದೇ ಎಂದ. ಆಕೆ ಎಡಗೈಯನ್ನು ಅಂಗೈ ಮೇಲಾಗಿ ಮುಂದೆ ಚಾಚಿದಳು. ಮಾತಾಡುವಾಗ ಆಕೆಯ ಕೈ ಯಾವಾಗಲೂ ಹಾಗೆ, ಚೀಟಿ ಕೇಳುತ್ತಿದ್ದ ಹಾಗೆ, ಚಾಚಿಕೊಂಡೇ ಇರುತ್ತಿತ್ತು.

"ಈ ದೀಪ ತಗದ್ರ ಲಾರಿ ನಿಂತಬಿಡತೈತೇನು?"

ಇಲ್ಲ ಎಂದ ಅವನು.

"ಹಂಗಾರ ಇದು ಖಾಲಿ ಗಾಡಿ ತೂಕ. ಕಳೀರಿ."

ಎಲ್ಲ ಅಂಗಡಿಯಲ್ಲೂ ಇದೇ ಮಾತು. ಇದರಲ್ಲಿ ಕಬ್ಬು ಎಷ್ಟು, ಗಾಡಿ ಎಷ್ಟು. ಅಂಗಡಿಯವರು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತೋರಿಸಿದರೆ, ಲಾರಿಯ ಆಟಕ್ಕೆ ಇಷ್ಟು ಬೇಕೇನು ಎಂದು ಕೇಳುವಳು. ಬೇಡ, ಆದರೆ ಬೇರೆ ಆಟಕ್ಕೆ ಬೇಕಾಗುತ್ತದೆ ಎಂದು ಅವರಲ್ಲಿ ಒಬ್ಬ ಬಂದೂಕಿನ ಆಟ ಹಚ್ಚಿ ತೋರಿಸಿದ. ಒಬ್ಬನ ತಲೆ ಹಾರಿತು. ಆಕೆ ಗೋಡೆಯ ಕಡೆ ತಿರುಗಿ ನಿಂತಳು. ಅವನು ಅದನ್ನು ಬಂದ್ ಮಾಡುವ ತನಕ ಹಾಗೇ ನಿಂತಿದ್ದಳು. ನಾನು ನೋಡಿದೆ. ನನಗೇನೂ ಅನಿಸಲಿಲ್ಲ.

ಲಾರಿಯ ಆಟಕ್ಕೆ ಪ್ರೊಸೆಸರ್ ಗಟ್ಟಿ ಇದ್ದರೆ ಸಾಕು, ಕಾರ್ಡ್ ಸಾಧಾರಣ ಇದ್ದರೂ ನಡೆಯುತ್ತದೆ ಎಂದು ಆಕೆ ಫೋನಿನಲ್ಲಿ ನೋಡಿ ತಿಳಿದುಕೊಂಡಿದ್ದಳು. ಆದರೆ ಆಕೆಯ ತೊಡಕು ಬೇರೆಯದು. ಮಷಿನ್ ಬಿಸಿಯಾಗುತ್ತದೆ, ಬಿಸಿ ಹೊರಗೆ ಹಾಕಲು ಫ್ಯಾನು ಬೇಕು, ಫ್ಯಾನು ತಿರುಗಿದರೆ ಸೊಳ್ಳೆ, ನುಸಿ ಸಿಕ್ಕು ಸಾಯುತ್ತವೆ. ಅದಕ್ಕೆ ನೀರು ಸೋಸುವ ಅರಿವೆಯನ್ನು ಫ್ಯಾನಿನ ಬಾಯಿಗೆ ಕಟ್ಟುತ್ತೇನೆ ಎಂದಳು. ಅರಿವೆ ಕಟ್ಟಿದರೆ ಗಾಳಿ ಕಡಿಮೆ, ಬಿಸಿ ಹೆಚ್ಚು. ಹಾಗಾಗಿ ಕಡಿಮೆ ಕರೆಂಟು ತಿಂದು ಕಡಿಮೆ ಬಿಸಿಯಾಗುವ ಕಾರ್ಡೇ ಬೇಕು. ನಿಪ್ಪಾಣಿಯ ಅಂಗಡಿಯವನು ಇದನ್ನೆಲ್ಲ ಕೇಳಿ, ಇಷ್ಟು ವರ್ಷ ಅಂಗಡಿ ಇಟ್ಟಿದ್ದೇನೆ, ಸೊಳ್ಳೆಯ ಜೀವ ನೋಡಿ ಕಾರ್ಡ್ ಆರಿಸಿದವರು ಯಾರೂ ಬಂದಿರಲಿಲ್ಲ ಎಂದ. ನಕ್ಕು ಹೇಳಿದರೂ ಕಪಾಟಿನ ಹಿಂದಿನಿಂದ ಸರಿಯಾದದ್ದನ್ನೇ ಹುಡುಕಿ ಕೊಟ್ಟ. ಆ ದಿನ ನನ್ನ ಮನೆಗೆ ಆಕೆಯ ಕನ್ನಡಿ ಬಂತು.

ಕಬ್ಬಿಣದ ಡಬ್ಬಿಯದೂ ಇಂಥದೇ ಕತೆ. ಅದು ಯಾರದೋ ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಡಬ್ಬಿ. ತಂದು ಬಿಚ್ಚಿದರೆ ಒಳಗೆ ಇರುವೆ ಗೂಡು. ನಾನು ಬಿಸಿನೀರು ತರುತ್ತೇನೆ ಎಂದೆ. ಆಕೆ ನನ್ನನ್ನು ಹೇಗೆ ನೋಡಿದಳೆಂದರೆ ನಾನು ತಿರುಗಿ ಮನೆಯೊಳಗೆ ಹೋದೆ. ಡಬ್ಬಿಯನ್ನು ಬೇವಿನ ಗಿಡದ ಬುಡಕ್ಕೆ ಇಟ್ಟು, ದೂರದಲ್ಲಿ ಸ್ವಲ್ಪ ಬೆಲ್ಲ ಇಟ್ಟಳು. ಇರುವೆಗಳು ಮೊಟ್ಟೆ ಹೊತ್ತು ಮನೆ ಬಿಟ್ಟು ಹೋಗಲು ಐದು ದಿನ ಹಿಡಿಯಿತು. ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ನೋಡುವಳು. ಬಾಡಿಗೆದಾರರನ್ನು ಎಬ್ಬಿಸುವ ಮಾಲಕಿಯ ಹಾಗೆ ಕಾಣುತ್ತೀರಿ ಎಂದೆ. ಅವರೇ ಮೊದಲು ಬಂದವರು, ನಾನು ಆಮೇಲೆ ಬಂದವಳು ಎಂದಳು.

ಒಂದು ಸಲ ಮಾತ್ರ ಆಕೆಗೆ ಸಿಟ್ಟು ಬಂದದ್ದು ನೋಡಿದ್ದೇನೆ. ಚಿಕ್ಕೋಡಿಯಲ್ಲಿ. ಮಷಿನ್‌ಗೆ ಕರೆಂಟು ಹಂಚುವ ಪೆಟ್ಟಿಗೆ, ಪವರ್ ಸಪ್ಲೈ ಎನ್ನುತ್ತಾರೆ, ಅದು ಬೇಕಿತ್ತು. ನಮ್ಮ ಕಡೆ ಹೊಲದ ಪಂಪು ಶುರುವಾದರೆ ಮನೆಯ ದೀಪ ಮಂಕಾಗುತ್ತದೆ, ಹಾಗಾಗಿ ಇದರಲ್ಲಿ ಮಾತ್ರ ಕಂಜೂಸಿ ಮಾಡಬಾರದು ಎಂದು ಆಕೆಯ ತೀರ್ಮಾನ. ಅಂಗಡಿಯವನು ಒಂದನ್ನು ಕೈಗೆ ಕೊಟ್ಟು, ತೂಕ ನೋಡ್ರಿ ಬಾಯಾರ, ಒಳ್ಳೆಯ ಮಾಲು ಅಂದರೆ ತೂಕ ಇರುತ್ತದೆ ಎಂದ. ಯಾರಿಗೆ ಹೇಳುತ್ತಿದ್ದೇನೆ ಎಂದು ಪಾಪ ಅವನಿಗೆ ಗೊತ್ತಿರಲಿಲ್ಲ. ಆಕೆ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಒಮ್ಮೆ ಆಚೆ, ಒಮ್ಮೆ ಈಚೆ ವಾಲಿಸಿದಳು.

"ಕಬ್ಬಿನ ಕೆಳಗ ಕಲ್ಲು ಐತಿ. ಬಿಚ್ಚರಿ."

ಅವನು ಬಿಚ್ಚಲಿಲ್ಲ. ಆಕೆ ಬಾಗಿಲಲ್ಲಿ ನಿಂತುಬಿಟ್ಟಳು. ಗಿರಾಕಿಗಳು ಸೇರಿದರು. ಕೊನೆಗೆ ಬಿಚ್ಚಿದ. ಒಂದು ಮೂಲೆಯಲ್ಲಿ ಸುಮ್ಮನೆ ತೂಕಕ್ಕೆಂದು ಕಬ್ಬಿಣದ ತುಂಡು ಅಂಟಿಸಿತ್ತು. ತನಗೂ ಗೊತ್ತಿರಲಿಲ್ಲ ಎಂದು ಅವನು ಆಣೆ ಮಾಡಿದ. ಇರಬಹುದು. ಬೇರೆಯದನ್ನು ಕೊಟ್ಟ. ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೈ ತೆಗೆಯಲೇ ಇಲ್ಲ.

ಉಳಿದ ರೊಕ್ಕದಲ್ಲಿ ಕೈಯಲ್ಲಿ ಹಿಡಿಯುವ ಸ್ಟೇರಿಂಗ್ ಬೇಕೋ, ಚಿತ್ರ ಚೆಂದ ಕಾಣುವ ದೊಡ್ಡ ಪರದೆ ಬೇಕೋ ಎಂದು ಒಂದು ವಾರ ಯೋಚಿಸಿದಳು. ಎರಡೂ ಆಗುತ್ತಿರಲಿಲ್ಲ. ಪರದೆ ಸಣ್ಣದೇ ಇರಲಿ ಎಂದಳು. ರಸ್ತೆ ಮಸುಕಾಗಿ ಕಂಡರೂ ಅಡ್ಡಿಯಿಲ್ಲ, ಕೈಯಲ್ಲಿ ಗಾಲಿ ಬೇಕು. ಸ್ಟೇರಿಂಗ್ ಬಂದ ದಿನ ಕಾರ್ಖಾನೆಯವರು ನಿವೃತ್ತಿಗೆ ಹೊದಿಸಿದ್ದ ಶಾಲು ನನ್ನ ಮನೆಗೆ ಬಂತು. ಅದನ್ನು ಸಣ್ಣ ಎಮ್ಮೆಗೆ ಹೊದಿಸಿದೆ, ಅದಕ್ಕೆ ಆಗ ಚಳಿಜ್ವರ. ನೋಡಿ, ಚೆಂದ ಕಾಣುತ್ತದೆ ಎಂದಳು.

ಹೀಗೆ ಮಳೆಗಾಲ ಮುಗಿಯುವಷ್ಟರಲ್ಲಿ ಆಕೆಯ ಕೋಣೆಯಲ್ಲಿ ಮಷಿನ್ನು ಬೆಳೆಯಿತು, ನನ್ನ ಮನೆಯಲ್ಲಿ ಆಕೆಯ ಸಂಸಾರ ಬೆಳೆಯಿತು. ಕೂಡಿಸಿದ ಮೇಲೆ ಡಬ್ಬಿ, ಅದರೊಳಗಿನ ಆರು, ಏಳೂ ಸೇರಿ ಒಂದೇ ಸಾಮಾನು ಆಗುತ್ತದಲ್ಲ, ಆಗ ಆರು ವಾಪಸ್ ಒಯ್ಯಬಹುದಲ್ಲ ಎಂದು ನಾನೇ ಲೆಕ್ಕ ಹೇಳಿದೆ. ಹೌದು, ಟ್ರ್ಯಾಕ್ಟರಿಗೆ ಗಾಲಿ ಬೇರೆ ಎಣಿಸುವುದಿಲ್ಲ ಎಂದಳು. ಆದರೆ ಕೂಡಿಸುವ ತನಕ ಬಿಡಿಯದು ಬಿಡಿಯೇ.

ಕೊನೆಗೆ ಉಳಿದದ್ದು ರ‍್ಯಾಮ್. ಬೆರಳುದ್ದದ ಹಸಿರು ಪಟ್ಟಿ, ತೂಕವೇ ಇಲ್ಲ. ಅದಿಲ್ಲದೆ ಪರದೆ ಹತ್ತುವುದಿಲ್ಲ. ಅದನ್ನು ಕೊರಿಯರಿನಲ್ಲಿ ತರಿಸಿದ್ದಳು. ಹಗಲು ಆಕೆ ಬಸದಿಯಲ್ಲಿ ಇರುತ್ತಿದ್ದುದರಿಂದ ಕೊರಿಯರಿನವನು ನನ್ನ ಕೈಗೆ ಕೊಟ್ಟು ಹೋಗುವುದು ರೂಢಿ.

ಅದು ಬಂದ ದಿನ ಬೆಳಿಗ್ಗೆಯೇ ನಾನು ಹಾಲು ಹಾಕಲು ಹೋದಾಗ ಆಕೆಯ ಅತ್ತಿಗೆ ಒಂದು ಮಾತು ಹೇಳಿದ್ದಳು. ಪಕ್ಕದ ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಿರುವ ಮಾತಾಜಿಗಳ ಸಂಘ ದೀಪಾವಳಿಯಾದ ಮೇಲೆ ಹೊರಡುತ್ತದೆ, ನಮ್ಮ ಬಾಯಿಯೂ ಅವರ ಜೊತೆ ಹೊರಡುತ್ತಾಳೆ, ಮುಂದೆ ದೀಕ್ಷೆ. ಅಣ್ಣ ಒಪ್ಪಿದ್ದಾನೆ. ಈ ಲಾರಿಯ ಹುಚ್ಚೊಂದು ಮುಗಿಸಿ ಹೋಗುತ್ತೇನೆ ಎಂದಿದ್ದಾಳೆ. ಅತ್ತಿಗೆ ಹಾಲಿನ ಪಾತ್ರೆ ಹಿಡಿದುಕೊಂಡೇ ಇದನ್ನು ಹೇಳಿದಳು, ನನಗೆ ಮೊದಲೇ ಗೊತ್ತಿರಬೇಕು ಎಂಬ ಹಾಗೆ. ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಕೊರಿಯರಿನವನು ಬಂದ. ಅವನ ಫೋನಿನ ಮೇಲೆ ಬೆರಳಿನಿಂದ ಗೀಚಿ ಪಾಕೀಟು ಇಸಿದುಕೊಂಡೆ. ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಮೊಣಕೈ ತನಕ ಕೈ ಇಳಿಸಿ, ತಳಕ್ಕೆ ಇಟ್ಟೆ. ಯೋಚನೆ ಮಾಡಿ ಮಾಡಿದೆ. ತಿಳಿಯದೆ ಮಾಡಿದೆ ಎಂದು ಈಗ ಹೇಳುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಮಷಿನ್ ಇಲ್ಲ, ಮಷಿನ್ ಇಲ್ಲದಿದ್ದರೆ ಲಾರಿ ಇಲ್ಲ, ಲಾರಿ ಓಡಿಸದೆ ಆಕೆ ಹೋಗುವುದಿಲ್ಲ, ಸಂಘ ತನ್ನ ಪಾಡಿಗೆ ತಾನು ಹೋಗುತ್ತದೆ. ಇಷ್ಟೇ ನನ್ನ ಲೆಕ್ಕ. ಕೇಳಿದರೆ ಬಂದಿಲ್ಲ ಎಂದು ಹೇಳುವುದನ್ನೂ ತಯಾರು ಮಾಡಿಕೊಂಡಿದ್ದೆ.

ಸಂಜೆ ಆಕೆ ತನ್ನ ಕಟ್ಟಿಗೆಯ ಕುರ್ಚಿಯನ್ನು ಎತ್ತಿಕೊಂಡು ಬಂದಳು. ಒಂದೇ ಕುರ್ಚಿ ಇತ್ತು ಆಕೆಯ ಹತ್ತಿರ.

"ಇದನ್ನ ಇಟಗೊಳ್ರಿ, ಅಕ್ಕಾ. ಇವತ್ತ ಒಂದ ಹೊರಗ ಹೋಗಬೇಕು."

ನಾನು ಇಟ್ಟುಕೊಂಡೆ. ಪಾಕೀಟಿನ ಮಾತು ಆಕೆ ಎತ್ತಲಿಲ್ಲ. ಮರುದಿನವೂ ಇಲ್ಲ, ಮುಂದಿನ ವಾರವೂ ಇಲ್ಲ. ದಿನಾ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ತಯಾರು ಮಾಡಿಕೊಂಡ ಸುಳ್ಳು ಬಾಯಲ್ಲೇ ಕೂತಿತ್ತು. ದಿನಾ ಅದೇ ಡಬ್ಬಿಯ ಹಿಟ್ಟು ತೆಗೆದು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟು ಕಡಿಮೆಯಾಗುತ್ತ ಬಂದ ಹಾಗೆ ಇನ್ನಷ್ಟು ಸುರಿಯುತ್ತಿದ್ದೆ.

ಹದಿನೆಂಟು ದಿನ ಹೀಗೆ ಹೋಯಿತು. ದೀಪಾವಳಿಗೆ ಮನೆ ತೊಳೆಯಬೇಕೆಂದು ಎಲ್ಲ ಸಾಮಾನು ಅಂಗಳಕ್ಕೆ ತಂದಿಟ್ಟೆ. ಆಕೆಯವು ಒಂದು ಕಡೆ ಬೇರೆ ಸಾಲಾಗಿ ನಿಂತವು. ಕೊಡೆ ಡಬ್ಬಿಗೆ ಬದಲು ಬಂದದ್ದು. ಗಡಿಯಾರ ಡಬ್ಬಿಯೊಳಗೆ ಎಲ್ಲ ಭಾಗ ಕೂರಿಸುವ ಬೋರ್ಡಿಗೆ. ಹಿತ್ತಾಳೆಯ ತಂಬಿಗೆ ಪ್ರೊಸೆಸರಿಗೆ, ಕಂಬಳಿ ಚಿಕ್ಕೋಡಿಯ ಪೆಟ್ಟಿಗೆಗೆ, ಕನ್ನಡಿ ಕಾರ್ಡಿಗೆ. ಹೀಗೆ ಒಂದೊಂದನ್ನೇ ತೊಳೆದು ಒರೆಸಿ ಇಡುತ್ತ ಕುರ್ಚಿಗೆ ಬಂದೆ. ಕುರ್ಚಿಗೆ ಜೋಡಿ ಸಿಗಲಿಲ್ಲ. ಆ ದಿನ ಆಕೆಯ ಮನೆಗೆ ಏನೂ ಬಂದಿರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದೆ. ಒದ್ದೆ ಅರಿವೆ ಕೈಯಲ್ಲಿ ಹಾಗೇ ಇತ್ತು. ಕುರ್ಚಿಯ ಜೋಡಿ ನನ್ನ ಹಿಟ್ಟಿನ ಡಬ್ಬಿಯಲ್ಲಿತ್ತು.

ಆಕೆಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಡಬ್ಬಿಯನ್ನು ಪರಾತದಲ್ಲಿ ಬೋರಲು ಹಾಕಿ ಪಾಕೀಟು ತೆಗೆದೆ. ಹರಿದಿತ್ತು, ಪಟ್ಟಿಗೆಲ್ಲ ಹಿಟ್ಟು ಮೆತ್ತಿತ್ತು. ಸೆರಗಿನಿಂದ ಒರೆಸಿಕೊಂಡು ಆಕೆಯ ಬಾಗಿಲಿಗೆ ಹೋದೆ. ಆಕೆ ನೆಲದ ಮೇಲೆ ಕೂತು ಪುಸ್ತಕ ಓದುತ್ತಿದ್ದಳು. ಕೈ ಚಾಚಿದಳು. ಕೊಟ್ಟೆ.

"ರೊಟ್ಟಿ ಮಾಡಲಿಲ್ಲಲ್ಲ, ಅಷ್ಟ ಪುಣ್ಯ" ಎಂದಳು.

"ಗೊತ್ತಿದ್ದೂ ಯಾಕ ಕೇಳಲಿಲ್ಲ?"

"ಕೊರಿಯರದಾಂವ ಮೆಸೇಜ್ ಕಳಸಿದ್ದ, ನಿಮ್ಮ ಗೀಚು ಇತ್ತು. ನಿಮ್ಮ ಕೈಗೆ ಬಂತಂದ್ರ ನನ್ನ ಮನಿಗೆ ಬಂದಂಗ, ಅದಕ್ಕ ಕುರ್ಚಿ ಹೊರಗ ಹಾಕಿದೆ. ಕೇಳಿದ್ರ ನೀವು ಸುಳ್ಳ ಹೇಳಬೇಕಾಗತಿತ್ತು. ಆ ಪಾಪ ನಿಮಗ ಯಾಕ ಹಚ್ಚಲಿ?"

ಹೋಗುವ ಮಾತು ನನಗೆ ಯಾಕೆ ಹೇಳಲಿಲ್ಲ ಎಂದೆ. ಮೂರು ಸಲ ಹೇಳಲು ಬಂದಿದ್ದಳಂತೆ. ಮೂರು ಸಲವೂ ನಾನು ಎಮ್ಮೆಯ ಜ್ವರದ ಮಾತು ಆಡುತ್ತಿದ್ದೆನಂತೆ. ಇರಬಹುದು. ಲಾರಿ ಓಡಿಸದಿದ್ದರೆ ಹೋಗುವುದಿಲ್ಲ ಎಂದು ತಿಳಿದು ಹೀಗೆ ಮಾಡಿದೆ ಎಂದು ನೇರವಾಗಿ ಹೇಳಿದೆ. ಸಂಘ ಯಾರಿಗೂ ನಿಲ್ಲುವುದಿಲ್ಲ, ಓಡಿಸಿದರೂ ಹೋಗಬೇಕು, ಓಡಿಸದಿದ್ದರೂ ಹೋಗಬೇಕು ಎಂದಳು. ಹೊರಡಲು ಇನ್ನು ಒಂಬತ್ತು ದಿನ ಉಳಿದಿತ್ತು. ಅಂದರೆ ನಾನು ಆಕೆಯನ್ನು ಉಳಿಸಿಕೊಂಡಿರಲಿಲ್ಲ, ಆಕೆಯ ಹದಿನೆಂಟು ದಿನ ತಿಂದಿದ್ದೆ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ.

"ಎಲ್ಲಾ ಬಿಡಾಕ ಹೊಂಟವರು ಇದನ್ನ ಯಾಕ ಕೂಡಸಾಕತ್ತೀರಿ?"

ಆಕೆ ಪಟ್ಟಿಯ ಹಿಟ್ಟು ಊದಿದಳು.

"ಇಲ್ಲದ್ದನ್ನ ಹ್ಯಾಂಗ ಬಿಡೂದು, ಅಕ್ಕಾ? ಮದುವಿ ಇಲ್ಲ, ಮನಿ ಇಲ್ಲ. ನನ್ನ ಹಂತೇಕ ಬಿಡೂವಂಥದ್ದು ಒಂದರ ಬೇಕಲ್ಲ."

ಆ ಮಧ್ಯಾಹ್ನವೇ ಕೂಡಿಸಿದಳು. ಪ್ರತಿ ಸಲ ಒಂದು ಭಾಗ ಮುಟ್ಟುವ ಮುಂಚೆ ಕಿಡಕಿಯ ಸರಳು ಮುಟ್ಟುತ್ತಿದ್ದಳು. ಮೈಯಲ್ಲಿಯ ಕರೆಂಟು ಇಳಿಯಬೇಕಂತೆ. ನಾನು ಸ್ಕ್ರೂ ಹಿಡಿದು ನಿಂತಿದ್ದೆ. ಗುಂಡಿ ಒತ್ತಿದರೆ ಪರದೆ ಹತ್ತಲಿಲ್ಲ, ಡಬ್ಬಿ ಮೂರು ಸಲ ಕೂಗಿತು. ಹಿಟ್ಟಿನ ಕೂಗು ಎಂದು ನನಗೆ ಗೊತ್ತಾಯಿತು. ಆಕೆ ಪಟ್ಟಿ ಬಿಚ್ಚಿ, ಪೆನ್ಸಿಲ್ ಅಳಿಸುವ ಖೋಡರಬ್ಬರಿನಿಂದ ಅದರ ಹಳದಿ ಅಂಚನ್ನು ಮೆಲ್ಲಗೆ ತಿಕ್ಕಿ ಮತ್ತೆ ಕೂಡಿಸಿದಳು. ಹತ್ತಿತು. ಆರು ಸಾಮಾನು ವಾಪಸ್ ಒಯ್ಯಿರಿ ಎಂದೆ. ಒಂಬತ್ತು ದಿನಕ್ಕೆ ಏನು ಒಯ್ಯಲಿ ಎಂದಳು. ಕುರ್ಚಿಯನ್ನಾದರೂ ಒಯ್ಯಿರಿ ಎಂದರೆ ಕೇಳಲಿಲ್ಲ. ಟ್ರಂಕಿನ ಮೇಲೆ ಕೂತು ಓಡಿಸಿದಳು.

ಅದು ಯಾವುದೋ ಹೊರದೇಶದ ರಸ್ತೆ. ಬಲಗಡೆ ಓಡಿಸಬೇಕು. ಆಕೆಯ ಕೈ ಎಡಗಡೆಗೇ ಎಳೆಯುತ್ತಿತ್ತು. ಮೊದಲ ದಿನ ನಾಲ್ಕು ಕಾರಿಗೆ ಗುದ್ದಿ, ಪ್ರತಿ ಸಲ ಪರದೆಗೆ ತಪ್ಪಾತ್ರಿ ಎಂದಳು. ತಿರುವಿನಲ್ಲಿ ಲಾರಿ ಮಗುಚುತ್ತಿತ್ತು. ತುಂಬಿದ ಗಾಡಿ ತಿರುವಿನಲ್ಲಿ ಹೇಗೆ ವಾಲುತ್ತದೆ ಎಂದು ತೂಕ ಬರೆದವಳಿಗೆ ಗೊತ್ತಿರಲಿಲ್ಲ, ಕಲಿಯಬೇಕಾಯಿತು. ನಾನು ಪಕ್ಕದಲ್ಲಿ ನೆಲಕ್ಕೆ ಕೂತು ನೋಡುತ್ತಿದ್ದೆ. ಎಷ್ಟು ದೂರ ಹೋದರೂ ರಸ್ತೆಯಲ್ಲಿ ಒಂದು ಆಡು ಇಲ್ಲ, ಒಂದು ಎಮ್ಮೆ ಇಲ್ಲ, ಮನುಷ್ಯರಿಲ್ಲ. ಇದೆಂಥ ದೇಶ ಎಂದೆ. ನಡುನಡುವೆ ನನ್ನ ಕೈಗೂ ಸ್ಟೇರಿಂಗ್ ಕೊಡುತ್ತಿದ್ದಳು. ನಾನು ಹೊಲಕ್ಕೆ ಇಳಿಸುತ್ತಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ದೊಡ್ಡ ಲೋಡ್ ತೆಗೆದುಕೊಂಡಳು. ಸಕ್ಕರೆಯದು. ಒಂದು ಬಂದರಿನಿಂದ ಹಿಮ ಬೀಳುವ ಊರಿಗೆ. ಅದನ್ನು ಮುಟ್ಟಿಸಿದರೆ ಆಕೆಯ ಆಸೆ ತೀರಿತು. ಮಧ್ಯಾಹ್ನಕ್ಕೆ ಸಂಘದ ಕಡೆಯವರು ಬರುವುದಿತ್ತು. ಚೆನ್ನಾಗಿ ಓಡಿಸಿದಳು. ಎಲ್ಲಿಯೂ ಗುದ್ದಲಿಲ್ಲ. ಎರಡು ನದಿ ದಾಟಿದಳು. ಮುಂದೆ ಒಂದು ಬೋರ್ಡು ಬಂತು, ಲಾರಿಗಳು ಪಕ್ಕಕ್ಕೆ ಹೋಗಿ ತೂಕ ಮಾಡಿಸಬೇಕು ಎಂದು. ಆಟದಲ್ಲಿಯೂ ಕಾಟಾ ಇತ್ತು. ನಮಗಿಬ್ಬರಿಗೂ ಇದು ಗೊತ್ತಿರಲಿಲ್ಲ.

ಆಕೆ ಲಾರಿಯನ್ನು ನಿಧಾನವಾಗಿ ಕಾಟಾದ ಮೇಲೆ ಹತ್ತಿಸಿ ನಿಲ್ಲಿಸಿದಳು. ಸ್ಟೇರಿಂಗಿನಿಂದ ಎಡಗೈ ತೆಗೆದು ಪಕ್ಕಕ್ಕೆ ಚಾಚಿದಳು, ಅಂಗೈ ಮೇಲಾಗಿ. ಪಕ್ಕದಲ್ಲಿ ಸಣ್ಣ ಮನೆ, ಅದಕ್ಕೆ ಕಿಡಕಿ. ಬಗ್ಗಿ ನೋಡಿದಳು.

"ಕಿಡಕ್ಯಾಗ ಯಾರೂ ಇಲ್ಲ, ಅಕ್ಕಾ."

ಹಸಿರು ದೀಪ ಬಂತು. ಹೋಗ್ರಿ, ಬಿಟ್ಟಾರ ಎಂದೆ. ಆಕೆ ಹೋಗಲಿಲ್ಲ. ಕಿಡಕಿ ನೋಡುತ್ತ ಕೂತಳು. ಅಷ್ಟರಲ್ಲಿ ಹೊರಗೆ ಜನರ ದನಿ ಕೇಳಿತು. ಅತ್ತಿಗೆ ಬಾಗಿಲಿಗೆ ಬಂದು, ಹೊತ್ತಾಯಿತು ಎಂದಳು. ಇನ್ನು ಒಂದು ತಾಸಿನ ರಸ್ತೆ ಉಳಿದಿತ್ತು. ಹದಿನೆಂಟು ದಿನದಲ್ಲಿ ಎಷ್ಟು ತಾಸು ಎಂದು ನನಗೆ ಲೆಕ್ಕ ಮಾಡಲು ಬರುವುದಿಲ್ಲ. ಮಾಡುವುದೂ ಬೇಡ.

"ಲೋಡ್ ಮುಟ್ಟಲಿಲ್ಲಲ್ರಿ" ಎಂದೆ.

"ತೂಕ ಆತು. ಸಾಕು ಬಿಡ್ರಿ."

ಆಟವನ್ನು ಅಲ್ಲಿಗೇ ನಿಲ್ಲಿಸಿ ಬಂದ್ ಮಾಡಿದಳು. ಬಾಗಿಲ ಹಿಂದಿನ ಪಟ್ಟಿಯನ್ನು ಅದೇ ಖೋಡರಬ್ಬರಿನಿಂದ ಮೇಲಿನಿಂದ ಕೆಳಗಿನ ತನಕ ಅಳಿಸಿದಳು. ರಬ್ಬರನ್ನು ನನ್ನ ಕೈಯಲ್ಲಿ ಇಟ್ಟಳು. ಮಷಿನ್ ಯಾರಿಗೆ ಎಂದು ಅತ್ತಿಗೆ ಕೇಳಿದ್ದಕ್ಕೆ ಗೋಡೆಯ ಕಡೆ ಕೈ ತೋರಿಸಿದಳು. ಹೋಗುವಾಗ ತಿರುಗಿ ನೋಡಲಿಲ್ಲ. ನೋಡಬಾರದಂತೆ. ನಾನು ಎಮ್ಮೆಗೆ ಹುಲ್ಲು ಹಾಕಲು ಹೋದೆ, ಹೊತ್ತಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಸಂಘ ರಾಯಬಾಗದ ಕಡೆ ಬಂದಿದೆ ಎಂದು ಕೇಳಿ ಬಸ್ಸು ಹತ್ತಿ ಹೋದೆ. ನಾನು ಮುಟ್ಟುವಷ್ಟರಲ್ಲಿ ಹೊರಟುಹೋಗಿದ್ದರು. ಎಲ್ಲಿಗೆ ಎಂದರೆ ಮಹಾರಾಷ್ಟ್ರದ ಕಡೆಗೆ ಎಂದರು. ಅಷ್ಟು ದೊಡ್ಡ ನಾಡಿನ ಹೆಸರು ಹೇಳಿದರೆ ಹುಡುಕುವುದು ಎಲ್ಲಿ? ತಿರುಗಿ ಬಂದೆ.

ಈಗ ಆ ಮಷಿನ್ ನನ್ನ ಮನೆಯಲ್ಲಿದೆ, ಫ್ಯಾನಿಗೆ ಕಟ್ಟಿದ ಅರಿವೆ ಸಮೇತ. ಓಣಿಯ ಹೆಂಗಸರು ಮುದುಕಿಗೆ ಹುಚ್ಚು ಎನ್ನುತ್ತಾರೆ. ಬೆಳಗಿನ ಹಾಲು ಹಾಕಿ ಬಂದು ಆಕೆಯ ಕುರ್ಚಿಯ ಮೇಲೆ ಕೂತು ಗುಂಡಿ ಒತ್ತುತ್ತೇನೆ. ಉಳಿದ ಒಂದು ತಾಸಿನ ರಸ್ತೆಯನ್ನು ಮುಗಿಸಬೇಕು. ಇನ್ನೂ ಆಗಿಲ್ಲ. ಮೊನ್ನೆ ಒಂದು ಸೇತುವೆ ದಾಟಿದೆ, ಆಚೆಯ ತಿರುವಿನಲ್ಲಿ ಮಗುಚಿದೆ. ಮಗುಚಿದರೆ ಲಾರಿ ಮತ್ತೆ ಆಕೆ ಬಿಟ್ಟ ಜಾಗಕ್ಕೇ ಬಂದು ನಿಲ್ಲುತ್ತದೆ, ಕಾಟಾದ ಮೇಲೆ, ಕಿಡಕಿಯ ಪಕ್ಕ. ಹಸಿರು ದೀಪ ಹತ್ತಿಯೇ ಇರುತ್ತದೆ. ಹಿಂದೆ ಯಾರೂ ಹಾರ್ನ್ ಹೊಡೆಯುವವರಿಲ್ಲ. ಕಿಡಕಿಯೊಳಗೆ ಒಮ್ಮೆ ಬಗ್ಗಿ ನೋಡಿ, ಆಮೇಲೆ ಗಾಡಿ ಬಿಡುತ್ತೇನೆ.